ಜಟ್ಟಪ್ಪನ ಪಂಚು

ಹೊಸನಗರದ ಕಚೇರಿಯೊಂದರಲ್ಲಿ ಜವಾನನಾಗಿದ್ದು ನಿವೃತ್ತನಾದ ಜಟ್ಟಪ್ಪ, ಕಡತಗಳಿಗೆ ತೂತು ಹೊಡೆಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲವೆಂದು ನಂಬಿದ್ದ. ಕಡತಗಳೆಲ್ಲ ಕಂಪ್ಯೂಟರ್ ಸೇರಿದ್ದರಿಂದ, ಬೀಳ್ಕೊಡುಗೆಯ ದಿನ ಪಂಚಿಂಗ್ ಮಷಿನ್ನನ್ನು ಅವನಿಗೇ ಕೊಟ್ಟು ಕಳಿಸಿದರು. ಸಾಗರದ ಮನೆಯಲ್ಲಿ ತೂತು ಹೊಡೆಯಲು ಏನೂ ಇರಲಿಲ್ಲ. ಹೆಂಡತಿ ಗುತ್ಯಮ್ಮ ವರದಹಳ್ಳಿ ರಸ್ತೆಯಲ್ಲಿ ಮಿಡಿ ಉಪ್ಪಿನಕಾಯಿಯ ಪ್ಯಾಕೆಟ್ ಮಾರುವಾಗ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದ.

ಒಂದು ದಿನ ವರದಹಳ್ಳಿಯ ಆಶ್ರಮಕ್ಕೆ ಹೊರಟಿದ್ದ ಪರ ಊರಿನ ಹೆಂಗಸೊಬ್ಬಳು ಮಿಡಿ ಕಚ್ಚಿ, ಕಣ್ಣೊರೆಸಿಕೊಂಡು, "ಪ್ಯಾಕ್ಸ್ ಎ ಪಂಚ್" ಎಂದಳು. ಅವಳ ಕಾರು ಹೋದ ಮೇಲೆ ಗುತ್ಯಮ್ಮ ಕೇಳಿದಳು, "ಎಂತ ಅಂದ್ರು?"

ಜಟ್ಟಪ್ಪನ ಎದೆ ಉಬ್ಬಿತು. "ಪ್ಯಾಕಿಗೆ ಪಂಚ್ ಹೊಡೀಬೇಕಂತೆ."

"ಎಣ್ಣೆ ಸೋರಲ್ವಾ?"

"ಮೇಲ್ಗಡೆ ಹೊಡೀತೀನಿ ಮಾರಾಯ್ತಿ. ಅನುಭವ ಇದೆ."

ಸಂಜೆಯೊಳಗೆ ಪ್ರತಿ ಪ್ಯಾಕೆಟ್ಟಿಗೂ ಅಳತೆ ಹಿಡಿದಂತೆ ಎರಡೆರಡು ತೂತು ಬಿದ್ದವು. ಮರುದಿನ ಇಂಗ್ಲಿಷ್ ಬಲ್ಲವರಿಗೆ ತನ್ನ ಕೆಲಸ ತೋರಿಸಲೆಂದು ಅವನ್ನು ಚೀಲಕ್ಕೆ ತುಂಬಿಕೊಂಡು ತೀರ್ಥಹಳ್ಳಿಯ ಸೋದರಸೊಸೆ ಪ್ರತಿಮಾಳ ಮನೆಗೆ ಬಸ್ ಹತ್ತಿದ. ಪ್ರತಿಮಾ ಅವನ ತಂಗಿಯ ಮಗಳು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್.

ಹೊಸನಗರ ದಾಟಿದ ಮೇಲಿನ ತಿರುವುಗಳಲ್ಲಿ, ಮೇಲಿಟ್ಟಿದ್ದ ಚೀಲ ಮಗುಚಿತು. ಕೆಳಗೆ ತೂಕಡಿಸುತ್ತಿದ್ದ ಬೋಳುತಲೆಯ ಹಿರಿಯರೊಬ್ಬರು ನೆತ್ತಿಯ ಮೇಲೆ ಎಣ್ಣೆ ಬಿದ್ದಾಗ ಕಣ್ಣು ತೆರೆಯದೆ, "ಸ್ವಲ್ಪ ತಿಕ್ಕು" ಎಂದರು. ಎಣ್ಣೆ ಹುಬ್ಬು ದಾಟಿ ಕಣ್ಣಿಗಿಳಿದಾಗ ಬಸ್ಸನ್ನು ಹಳ್ಳದ ಪಕ್ಕ ನಿಲ್ಲಿಸಬೇಕಾಯಿತು. ಪ್ರಯಾಣಿಕರೆಲ್ಲ ಸೇರಿ ಅವರ ಮುಖ ತೊಳೆದರು. ಕಂಡಕ್ಟರ್ ಚೀಲವನ್ನು ಜಟ್ಟಪ್ಪನ ತೊಡೆಯ ಮೇಲಿಟ್ಟ. ತೀರ್ಥಹಳ್ಳಿ ಬರುವಷ್ಟರಲ್ಲಿ ಬಿಳಿ ಪಂಚೆ ಕೆಂಪಾಗಿತ್ತು.

ನಡೆದದ್ದನ್ನು ಕೇಳಿ ಪ್ರತಿಮಾ ನಗು ತಡೆದುಕೊಂಡಳು. "ಮಾವ, ಅದು ಹೊಗಳಿಕೆ. ನೋಡೋಕೆ ಸಣ್ಣದಾದ್ರೂ ಗುದ್ದಿದ ಹಂಗೆ ಜೋರಾಗಿದೆ ಅಂತ. ಖಾರಕ್ಕೂ ಅಂತಾರೆ, ಭಾಷಣಕ್ಕೂ ಅಂತಾರೆ."

"ಗುದ್ದೋದು ಯಾರು?"

"ಯಾರೂ ಗುದ್ದಲ್ಲ."

"ಪ್ಯಾಕ್ ಮಾಡೋದು?"

"ಅದೂ ಇಲ್ಲ."

ಪ್ಯಾಕೂ ಇಲ್ಲದ, ಪಂಚೂ ಇಲ್ಲದ ಮಾತನ್ನು ಅಷ್ಟು ದೂರದಿಂದ ಬಂದು ಆಡಬೇಕಿತ್ತೇ ಎಂದು ಜಟ್ಟಪ್ಪನಿಗೆ ಬೇಸರವಾಯಿತು.

ಊರಿಗೆ ಮರಳಿ ಅರ್ಥ ಹೇಳಿದಾಗ ಗುತ್ಯಮ್ಮನ ಮುಖ ಬಾಡಿತು. "ಆಶ್ರಮಕ್ಕೆ ಬಂದೋರಿಗೆ ನಾನು ಗುದ್ದಿದ ಹಂಗಾಯ್ತಲ್ರೀ. ನಿಮಗೂ ಗುದ್ದುತ್ತಾ ಇದು?"

"ಮದುವೆಯಾದಾಗಿಂದ" ಎಂದ ಜಟ್ಟಪ್ಪ, ತಟ್ಟೆ ಮುಂದಕ್ಕೆ ಸರಿಸುತ್ತಾ. "ಇನ್ನೊಂದು ಮಿಡಿ ಹಾಕು."