ಶಿವನಿಗೆ ಯಾರೂ ಇಡದ ಹೂವು

ಯಳಂದೂರಿನ ಚೆಲುವಮ್ಮನನ್ನು ಹನೂರಿಗೆ ಮದುವೆ ಮಾಡಿಕೊಟ್ಟಾಗ ಅವಳ ತವರಿನವರು 'ನಮ್ಮ ಹುಡುಗಿ ಮದರಾಸಿಗೆ ಹೋದಳು' ಎಂದು ಹೇಳಿಕೊಂಡು ತಿರುಗಿದರು. ಪೂರ್ತಿ ಸುಳ್ಳಲ್ಲ. ಆಗ ಕೊಳ್ಳೇಗಾಲದ ಸೀಮೆಯೆಲ್ಲ ಮದರಾಸು ರಾಜ್ಯಕ್ಕೆ ಸೇರಿತ್ತು. ೧೯೫೬ರಲ್ಲಿ ಅದು ಯಳಂದೂರಿದ್ದ ಮೈಸೂರು ರಾಜ್ಯಕ್ಕೆ ಬಂದಾಗ ಚೆಲುವಮ್ಮ ಅಗ್ಗಿಷ್ಟಿಕೆಯ ಮುಂದಿನಿಂದ ಎದ್ದೂ ಇರಲಿಲ್ಲ. "ಕಾಲು ಸವೀದಂಗೆ ತವರಿಗೆ ಬಂದೋಳು ಲೋಕದಲ್ಲಿ ನಾನೊಬ್ಳೇ ಕಣಕ್ಕ" ಎನ್ನುತ್ತಿದ್ದಳು.

ಗಂಡ ಮಾದಾಚಾರಿ ಬೆಳ್ಳಿ ಕೆಲಸದವನು. ವರ್ಷಗಟ್ಟಲೆ ಕೆಂಡ ನೋಡಿ ಅವನ ಕಣ್ಣು ಮಂಜಾಯಿತು. ಬೆಳ್ಳಿ ಕರಗಿಸುವುದು, ತಂತಿ ಎಳೆಯುವುದು ಅವನಿಗೆ ಕೈಯಂದಾಜಿನಲ್ಲೇ ಆಗುತ್ತಿತ್ತು. ಸಣ್ಣ ಕೆಲಸ ಆಗುತ್ತಿರಲಿಲ್ಲ. ಹೀಗೆ ಊದುಗೊಳವೆ ಅವನ ಬಾಯಲ್ಲಿ ಉಳಿದು ಇಕ್ಕಳ ಅವಳ ಕೈಗೆ ಬಂತು. ಹೆಂಗಸು ಬೆಳ್ಳಿ ಬಡಿಯುವುದೇ ಎಂದು ಊರು ಒಂದಷ್ಟು ದಿನ ಮೂಗು ಮುರಿಯಿತು. ಅವಳು ಮಾಡಿದ ಕಾಲುಂಗುರ ಬೆರಳನ್ನು ಕೊರೆಯುವುದಿಲ್ಲ ಎಂದು ತಿಳಿದ ಮೇಲೆ ಮೂಗು ನೆಟ್ಟಗಾಯಿತು.

ಅಚ್ಚಿನ ಹೂವು ಅವಳಿಗೆ ಒಗ್ಗುತ್ತಿರಲಿಲ್ಲ. ಬೇಲಿಯಿಂದ ನಿಜವಾದ ಹೂವು ತಂದು, ಎಸಳು ಎಸಳಾಗಿ ಬಿಡಿಸಿ, ನೆಲದ ಮೇಲೆ ಹರಡಿಕೊಂಡು ಕೂರುತ್ತಿದ್ದಳು. ಕುರಿ ಕಡಿಯುವವನು ಕುರಿಯನ್ನು ನೋಡುವ ಹಾಗೆ ಅವಳು ಹೂವನ್ನು ನೋಡುತ್ತಿದ್ದಳು. ಅದರಲ್ಲಿ ಮರುಳೇನೂ ಇರಲಿಲ್ಲ. ಅವರೆ ಹೂವಿನ ಓಲೆ, ಹುಣಸೆ ಚಿಗುರಿನ ಜಡೆಬಿಲ್ಲೆ, ಸೀಗೆಕಾಯಿಯಂತೆ ಗಂಟುಗಂಟಾದ ಕಡಗ ಹೀಗೆಯೇ ಹುಟ್ಟಿದವು.

ಅವಳಿಗೊಂದು ಚಟವಿತ್ತು. ಕೂಲಿಗೆ ಅತಿಯಾಗಿ ಚೌಕಾಸಿ ಮಾಡಿದವರ ಒಡವೆಯಲ್ಲಿ ಎಲ್ಲಾದರೂ ಒಂದು ಎಲೆಯ ಅಡಿಗೆ ಸಾಸಿವೆಯಷ್ಟು ಹುಳುವನ್ನು ಕೂರಿಸುತ್ತಿದ್ದಳು. ರಾಮಮ್ಮ ಎಂಬುವಳು ಮಗಳ ಬಿಲ್ಲೆಯನ್ನು ಸೀಗೆಪುಡಿ ಹಾಕಿ ತಿಕ್ಕುವಾಗ ಅದನ್ನು ಕಂಡು ಓಡಿ ಬಂದಳು.

"ಇದೇನಮ್ಮಿ, ಉಳ ಅದೆ?"

"ಒಳ್ಳೆ ಊವಿಗೇ ಕಣವ್ವ ಉಳ ಬರೋದು."

ರಾಮಮ್ಮ ಅದನ್ನೇ ಹೆಮ್ಮೆಯಿಂದ ಊರಿಗೆಲ್ಲ ತೋರಿಸಿದಳು.

'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂಬ ಗಾದೆ ಹನೂರಿನಲ್ಲೂ ಇತ್ತು. ಅದಕ್ಕೆ ಸಾಕ್ಷಿ ಒದಗಿಸಿದವನು ಕೆಂಪನಂಜಪ್ಪ. ಕೆರೆ ಕೆಳಗಿನ ಗದ್ದೆಗಳ ಒಡೆಯ, ಉದ್ದ ಮೀಸೆ, ಉದ್ದ ಮಾತು. 'ನಾನು ಕಣ್ಣಾರೆ ಕಂಡಿವ್ನಿ' ಎಂಬುದು ಅವನ ಎಲ್ಲ ಮಾತಿನ ಮೊದಲು. ಅವನ ಹೆಂಡತಿ ದೊಡ್ಡಬಸಮ್ಮ ತನ್ನ ತಾಯಿ ಸೊಂಟಕ್ಕೆ ಕಟ್ಟುತ್ತಿದ್ದ ಹಳೆಯ ಬೆಳ್ಳಿ ಡಾಬನ್ನು ಮುರಿಸಿ, ಹೊಂಗೆ ಹೂವಿನ ಗೊಂಚಲಿರುವ ಹೊಸ ಡಾಬು ಮಾಡಿಸಲು ಗಂಡನ ಕೈಯಲ್ಲಿ ಚೆಲುವಮ್ಮನಿಗೆ ಕಳಿಸಿದಳು. ಹೊಸದು ಬಂದಾಗ ತೂಗಿ ನೋಡಿದರೆ ತೂಕ ಕಡಿಮೆ. ಮಾತು ಚಾವಡಿಗೆ ಹೋಯಿತು.

ಪಟೇಲ ಗುರುಮಲ್ಲಪ್ಪನ ಮುಂದೆ ಕೆಂಪನಂಜಪ್ಪ ಎದ್ದು ನಿಂತು ಹೇಳಿದ: "ನಾನು ಕಣ್ಣಾರೆ ಕಂಡಿವ್ನಿ. ಈವಮ್ಮ ಚೂರು ಕತ್ತರಿಸಿ ಮಡ್ಲಿಗಾಕ್ಕೊಂಡ್ಳು."

"ಕಂಡವರು ಆಗ್ಲೇ ಯಾಕೆ ಕೇಳ್ನಿಲ್ಲ ಯಜಮಾನ್ರೇ?" ಎಂದಳು ಚೆಲುವಮ್ಮ.

"ಎಂಗ್ಸಿನ ಮಡ್ಲ ನೋಡೂಂತ ಎಂಗ್ ಕೇಳನೆ?"

ಚಾವಡಿ ನಕ್ಕಿತು. ಪಟೇಲ ದಂಡ ಹಾಕಲಿಲ್ಲ, 'ಇನ್ಮುಂದೆ ನೋಡ್ಕೊಂಡು ಕೊಡ್ರಪ್ಪ' ಎಂದಷ್ಟೇ ಹೇಳಿದ. ಅದಕ್ಕಿಂತ ದಂಡವೇ ವಾಸಿಯಿತ್ತು. ಮರುದಿನದಿಂದ ಹನೂರಿನ ಬೆಳ್ಳಿಯೆಲ್ಲ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಯಿತು.

ಅಗ್ಗಿಷ್ಟಿಕೆಯಲ್ಲಿ ಬೆಕ್ಕು ಮಲಗತೊಡಗಿತು. ಶ್ರಾವಣ ಮುಗಿದ ಮೇಲೆ ಯಳಂದೂರಿಗೆ, ಅವಳ ಅಣ್ಣನ ಅಂಗಡಿಗೆ ಹೋಗೋಣ ಎಂದ ಮಾದಾಚಾರಿ. ಹೋದರೆ ಅನ್ನಕ್ಕೆ ಮೋಸವಿಲ್ಲ. ಆದರೆ ಅಣ್ಣನಿಗೆ ಮೂವರು ಗಂಡುಮಕ್ಕಳು. ಅಲ್ಲಿ ಇಕ್ಕಳ ಅವಳ ಕೈಗೆ ಬರುವುದಿಲ್ಲ. ಕಳ್ಳಿ ಎನಿಸಿಕೊಂಡು ಹೋಗಿ ಇನ್ನೊಬ್ಬರ ಕೆಂಡ ಊದುತ್ತ ಕೂರಬೇಕು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಕೆಂಪನಂಜಪ್ಪನೇ ಬಂದು ಜಗಲಿಯ ಮೇಲೆ ಬೆಳ್ಳಿಯ ಗಟ್ಟಿ ಇಟ್ಟ.

"ಶಿವನಿಗೆ ಒಂದು ಬೆಳ್ಳಿ ಊವ ಮಾಡ್ಬೇಕು ಕಣಮ್ಮಿ. ನನ್ನೆತ್ತು ಎದ್ದು ನಿಂತ್ರೆ ಕೊಡ್ತೀನಿ ಅಂತ ಅರಕೆ ಕಟ್ಟಿದ್ದೆ. ಎದ್ದು ನಿಂತದೆ."

"ಕೊಳ್ಳೇಗಾಲದಲ್ಲಿ ಬೇಕಾದಷ್ಟು ಅಂಗಡಿ ಅವೆಯಲ್ಲ."

"ಆ ಕಳ್ನನ್ಮಕ್ಕಳ ನಂಬಕ್ಕಾದದಾ?"

ಚೆಲುವಮ್ಮ ಗಂಡನ ಕಡೆ ನೋಡಿದಳು. ಮಾದಾಚಾರಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಅವಳು ಕದ್ದಿಲ್ಲವೆಂದು ಆಣೆಯಿಟ್ಟು ಹೇಳಬಲ್ಲವನು ಆ ಊರಿನಲ್ಲಿ ಕೆಂಪನಂಜಪ್ಪನೊಬ್ಬನೇ. ಆದ್ದರಿಂದ ಅವನು ಬೇರೆ ಯಾರ ಹತ್ತಿರವೂ ಹೋಗುವಂತಿರಲಿಲ್ಲ.

"ಯಾವ ಊವ?" ಎಂದು ಕೇಳಿದಳು.

"ಎಕ್ಕ, ತುಂಬೆ ಎಲ್ಲಾ ಯಾರ್ಯಾರೋ ಕೊಟ್ಟವ್ರೆ. ನಾನು ಕೊಡೋದ್ನ ಇದುವರ್ಗೂ ಯಾರೂ ಶಿವನ ತಲೆ ಮ್ಯಾಲೆ ಮಡಗಿರ್ಬಾರ್ದು. ಉದ್ದಕಿರ್ಲಿ. ದೂರಕ್ಕೇ ಕಾಣ್ಬೇಕು."

"ಯಾರೂ ಮಡಗದ ಊವ."

"ಊಂ."

"ಅಂತದ್ದು ಒಂದೇ ಒಂದು ಅದೆ," ಎಂದಳು ಚೆಲುವಮ್ಮ. "ಮಾಡ್ಕೊಡ್ತೀನಿ. ಆದ್ರೆ ದೇವ್ರ ಊವ ನಾವು ಮೊದ್ಲು ಮೂಸ್ಬಾರ್ದು, ನೋಡ್ಲೂಬಾರ್ದು. ಬಟ್ಟೇಲಿ ಕಟ್ಕೊಡ್ತೀನಿ, ಗುಡೀಲೇ ಬಿಚ್ಚಿ."

"ತೂಕ?"

"ಬಟ್ಟೆ ಸಮೇತ ತೂಗ್ಕಳಿ. ಅಂತದ್ದೇ ಇನ್ನೊಂದು ಬಟ್ಟೆ ಆ ಕಡೆ ತಟ್ಟೆಗಾಕಿ."

ಮಾರನೆಯ ದಿನ ಅವಳು ಹಳ್ಳದ ದಂಡೆಗೆ ಹೋಗಿ, ಮುಳ್ಳಿನಲ್ಲಿ ಕೈ ಗೀರಿಸಿಕೊಂಡು ಒಂದು ಹೂವು ತಂದಳು. ಬಿಡಿಸಿ ಹರಡಿದಳು. ಬೆಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಬಡಿದು, ಉದ್ದುದ್ದ ಎಸಳು ಕತ್ತರಿಸಿ, ನಡುವೆ ಮಡಿಕೆ ಕೊಟ್ಟು, ಅಂಚಿಗೆ ಅರದಿಂದ ಸಣ್ಣ ಮುಳ್ಳುಗಳನ್ನು ತೆಗೆದಳು. ಒಂದರೊಳಗೊಂದು ಕೂರಿಸಿ ಬೆಸೆದ ಮೇಲೆ ಮಾದಾಚಾರಿ ಅದನ್ನು ಕೈಗೆತ್ತಿಕೊಂಡು ತಡವಿದ. ಮುಳ್ಳು ಸಿಕ್ಕಿದಾಗ ಬೆರಳು ನಿಂತಿತು.

"ಲೇ, ಇದಾ?"

"ಸುಮ್ಕಿರಿ."

"ಎಲ್ಲಾ ಸರ್ಯಾಗದೆ. ವಾಸ್ನೆ ಒಂದು ಕಮ್ಮಿ."

"ಅದು ಸೋಮವಾರ ಬತ್ತದೆ ಬುಡಿ."

ಶ್ರಾವಣದ ಕಡೆಯ ಸೋಮವಾರ ಕೆಂಪನಂಜಪ್ಪ ಓಲಗ ಊದಿಸಿಕೊಂಡು ಈಶ್ವರನ ಗುಡಿಗೆ ಬಂದ. ಮುಂದೆ ಪಟೇಲ, ಪಕ್ಕದಲ್ಲಿ ದೊಡ್ಡಬಸಮ್ಮ, ಹಿಂದೆ ಊರು. ಚೆಲುವಮ್ಮ ಬಾಗಿಲ ಬಳಿ ಹೆಂಗಸರ ನಡುವೆ ನಿಂತಿದ್ದಳು. ಗುಡಿಯ ಪೂಜಾರಿ ಷಡಕ್ಷರಯ್ಯ ಬಟ್ಟೆ ಬಿಚ್ಚಿದ. ಮಡಿಲಲ್ಲಿ ಹಾವು ಕಂಡವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

"ಕೇದಿಗೆ," ಎಂದ.

ಓಲಗ ನಿಂತಿತು. ಆ ಕತೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಷಡಕ್ಷರಯ್ಯ, ಕೇಳುವವರು ಸಿಕ್ಕಿದರೆ ಬಿಡುವವನಲ್ಲವಾದ್ದರಿಂದ, ಹೇಳಿಯೇ ಹೇಳಿದ: ಶಿವನ ತುದಿ ಕಂಡು ಬಂದೆನೆಂದು ಬ್ರಹ್ಮ ಸುಳ್ಳು ಹೇಳಿದ್ದು, 'ಹೌದು, ನಾನೂ ಕಂಡೆ' ಎಂದು ಕೇದಿಗೆ ಸಾಕ್ಷಿ ನುಡಿದದ್ದು, ಅಂದಿನಿಂದ ಅದು ಶಿವನ ಪೂಜೆಗೆ ಸಲ್ಲದಾದದ್ದು.

ಕೆಂಪನಂಜಪ್ಪನ ಮೀಸೆ ಕುಣಿಯಿತು. "ಬಾರಮ್ಮಿ ಇಲ್ಲಿ. ಏನಿದು?"

ಚೆಲುವಮ್ಮ ಮುಂದೆ ಬಂದಳು. "ಯಾರೂ ಮಡಗದ ಊವ ಬೇಕು ಅಂದ್ರಿ. ಮಾಡ್ಕೊಟ್ಟೆ. ಕಾಣದ್ದ ಕಂಡೆ ಅಂದೋರಿಗೆ ಇಲ್ಲಿ ಜಾಗ ಇಲ್ಲ ಅಂತ ಶಿವನೇ ಅಂದವ್ನೆ, ನಾನೇನ್ ಮಾಡ್ಲಿ? ಚಾವ್ಡೀಲಿ ಮಾತ್ರ ಜಾಗ ಅದೆ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಪಟೇಲ ತನ್ನ ಕಾಲುಗಳನ್ನು ನೋಡಿಕೊಂಡ.

"ಕಳ್ಳಿ ಬಾಯ್ಗೆ ಎಷ್ಟು ಉದ್ದ ನಾಲ್ಗೆ ನೋಡ್ರಪ್ಪ," ಎಂದ ಕೆಂಪನಂಜಪ್ಪ.

ದೊಡ್ಡಬಸಮ್ಮ ಗಂಡನ ಕಡೆ ತಿರುಗಿದಳು. "ಅಲ್ಲ ಕಣ್ರಿ, ಕಳ್ಳಿ ಕೈಗೆ ಅಷ್ಟು ಬೆಳ್ಳಿ ಯಾಕ್ ಕೊಟ್ರಿ?"

"ಒಂದು ಗುಲಗಂಜಿನೂ ಎಚ್ಚುಕಮ್ಮಿ ಇಲ್ಲ. ನಾನೇ ತೂಗಿವ್ನಿ."

"ಅಂಗಾರೆ ಈವಮ್ಮ ಕದಿಯಾಕಿಲ್ಲ. ನಮ್ಮವ್ವನ ಡಾಬಿನ ಬೆಳ್ಳಿ ಎಲ್ಲೋಯ್ತು?"

ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಕೆಂಪನಂಜಪ್ಪನ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ಈಗಲೂ ಹೋಯಿತು, ನಶ್ಯದ ಡಬ್ಬಿ ಹೊರಗೆ ಬಂತು. ಡಾಬು ಮಾಡಿಸಿದ ಹೊಸದರಲ್ಲೇ ಕೊಳ್ಳೇಗಾಲದಲ್ಲಿ ಹಾಕಿಸಿದ ಹೊಳೆಯುವ ಮುಚ್ಚಳ. ಬೆಳ್ಳಿಯಲ್ಲ, ಅಗ್ಗದ ಜರ್ಮನ್ ಸಿಲ್ವರ್ ಎಂದು ಹೆಂಡತಿಗೆ ಹೇಳಿದ್ದ. ದೊಡ್ಡಬಸಮ್ಮ ಅದನ್ನು ಕೈಯಿಂದ ಕಿತ್ತುಕೊಂಡು ಚೆಲುವಮ್ಮನಿಗೆ ಕೊಟ್ಟಳು.

ಚೆಲುವಮ್ಮ ಮುಚ್ಚಳವನ್ನು ಉಗುರಿನಿಂದ ಒಮ್ಮೆ ತಟ್ಟಿದಳು. "ಜರ್ಮನಿದಲ್ಲ ಕಣಕ್ಕ," ಎಂದಳು. "ನಿಮ್ಮವ್ವಂದು."

ಗುಡಿಯೊಳಗೆ, ದೇವರ ಮುಂದೆ, ಕೆಂಪನಂಜಪ್ಪನಿಗೆ ಕಣ್ಣಾರೆ ಕಂಡದ್ದು ಏನೂ ನೆನಪಿಗೆ ಬರಲಿಲ್ಲ. ದಾರಿಯಲ್ಲೇ ಎರಡು ಕೊಂಡಿ ತೆಗೆದಿಟ್ಟುಕೊಂಡೆ ಎಂದು ಗೊಣಗಿದ. "ಜೋರಾಗ್ ಯೋಳಪ್ಪ, ಚಾವ್ಡೀಲಿ ಯೋಳ್ದಂಗೆ," ಎಂದ ಪಟೇಲ. ಜೋರಾಗಿ ಹೇಳಿದ.

ಹರಕೆಗೆ ಆ ಮುಚ್ಚಳವನ್ನೇ ಕರಗಿಸಿ ಒಂದು ತುಂಬೆ ಹೂವು ಮಾಡಿಸುವುದೆಂದು ಅಲ್ಲೇ ತೀರ್ಮಾನವಾಯಿತು. ದೂರಕ್ಕೆ ಕಾಣುವ ಮಾತಿರಲಿ, ಹತ್ತಿರಕ್ಕೂ ಕಣ್ಣು ಕಿರಿದು ಮಾಡಿಯೇ ನೋಡಬೇಕು. ಆ ವಾರವೇ ಹೆಂಗಸರು ಸೆರಗಿನ ಗಂಟಿನಲ್ಲಿ ಬೆಳ್ಳಿ ಕಟ್ಟಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಜಗಲಿ ಹತ್ತಿದರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಹುಳುಗಳ ಲೆಕ್ಕ ಆ ವರ್ಷ ಕೊಂಚ ಹೆಚ್ಚಾಯಿತು.

ಚೆಲುವಮ್ಮ ಎಪ್ಪತ್ತರ ದಶಕದಲ್ಲೂ ಹನೂರಿನಲ್ಲೇ ಇಕ್ಕಳ ಹಿಡಿದಿದ್ದಳು. ಅಂದು ಗುಡಿಯಲ್ಲಿ ಕೇದಿಗೆಯನ್ನು ಮುರಿಯಲು ಅವಳು ಕೈಯೆತ್ತಿದಾಗ ತಡೆದವಳು ದೊಡ್ಡಬಸಮ್ಮ. "ಶಿವನಿಗೆ ಬ್ಯಾಡದಿದ್ರೆ ಎಂಗ್ಸರ ಜಡೆಗೆ ಬ್ಯಾಡ್ವಾ? ಕೊಡಿಲ್ಲಿ." ಅಂದಿನಿಂದ ಮದುವೆ, ಮುಂಜಿ, ಸಂತೆ, ಎಲ್ಲಿಗೆ ಹೋದರೂ ಅದು ಅವಳ ಜಡೆಯಲ್ಲಿತ್ತು. ಕೆಂಪನಂಜಪ್ಪ ಹಿಂದೆ ನಡೆಯುತ್ತಿದ್ದ. ಎಲ್ಲಾದರೂ ಹತ್ತು ಜನರ ನಡುವೆ ಅವನು ಮೀಸೆ ನೀವಿ "ನಾನು ಕಣ್ಣಾರೆ" ಎಂದು ಶುರು ಮಾಡಿದರೆ, ದೊಡ್ಡಬಸಮ್ಮ ತಿರುಗಿಯೂ ನೋಡದೆ, ಕೇದಿಗೆ ಎಲ್ಲರಿಗೂ ಕಾಣುವಂತೆ ಜಡೆಯನ್ನು ಬೆನ್ನಿನಿಂದ ಮುಂದಕ್ಕೆ ಹಾಕಿಕೊಳ್ಳುತ್ತಿದ್ದಳು.