ಹುಲಿಗೆಮ್ಮಕ್ಕನ ಥರ್ಮಾಸ್

ಹುಚ್ಚುನಾಯಿ ರೋಗಕ್ಕೆ ನಾಯಿಗೆ ಹಾಕುವ ಲಸಿಕೆಯನ್ನು ಲಿಂಗಸುಗೂರಿನಿಂದ ಮಸ್ಕಿಗೆ ತಣ್ಣಗೆ ತರಬೇಕಿತ್ತು. ಅಷ್ಟೇ ಕೆಲಸ. ನಾನು ಅದನ್ನು ಮಾಡಲಿಲ್ಲ. ಮಾಡಿದೆನೆಂದು ಅಕ್ಕನನ್ನು ನಂಬಿಸಿದೆ. ಶಾಲೆ ಅರ್ಧಕ್ಕೆ ಬಿಟ್ಟವನು ನಾನು, ಬರೆದು ರೂಢಿಯಿಲ್ಲ. ಆದರೆ ಅಕ್ಕನ ಬಗ್ಗೆ ಬರೆಯಲು ಕೂತರೆ ಇದನ್ನು ಮುಚ್ಚಿಟ್ಟು ಬರೆಯಲು ಕೈ ಬರುವುದಿಲ್ಲ.

ಹುಲಿಗೆಮ್ಮಕ್ಕ ಮಸ್ಕಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ಗಂಡ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು, ಜೊತೆಗೆ ಕೆಂಚ ಎಂಬ ನಾಯಿ. ಬೆಳಿಗ್ಗೆ ಎದ್ದ ಕೂಡಲೇ ಅಕ್ಕ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂರುವಳು. ಕಿವಿ ಮಗುಚಿ ಮೂಸುವಳು. ತುಟಿ ಎತ್ತಿ ವಸಡಿನ ಬಣ್ಣ ನೋಡುವಳು. ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ ಸೀಮೆಎಣ್ಣೆಯ ಡಬ್ಬಿಗೆ ಹಾಕುವಳು. ಕೆಂಚನೂ ಕ್ಷೌರಕ್ಕೆ ಕೂತ ಹಿರಿಯರ ಹಾಗೆ ಕತ್ತು ಎತ್ತಿ ಕೊಡುತ್ತಿತ್ತು.

ಪಕ್ಕದ ಮನೆಯ ಬಸಮ್ಮ ಸುಮ್ಮನಿರುವವಳಲ್ಲ. "ಏನಬೇ ಹುಲಿಗೆಮ್ಮ, ನಾಯಿ ಬಟ್ಟಲ ಇಷ್ಟು ಥಳಥಳ ತಿಕ್ಕಾಕತ್ತಿ, ಬೀಗರು ಬರ್ತಾರೇನು?"

"ಬೀಗರಿಗೆ ಹೊಟ್ಟಿ ಕೆಟ್ರ ಬಾಯಿ ಬಿಟ್ಟು ಬೈತಾರ. ಇದು ಯಾರಿಗೆ ಹೇಳಬೇಕಬೇ? ಕೆಡೂದಕ್ಕಿಂತ ಮೊದಲ ನಾವ ನೋಡಬೇಕು."

ಕೆಂಚನಿಗೆ ಜಂತಿನ ಗುಳಿಗೆಯನ್ನು ಬೆಲ್ಲದಲ್ಲಿ ಮುಚ್ಚಿ ನುಂಗಿಸಿದ ದಿನ ನನಗೂ ಒಂದು ಗುಳಿಗೆ ತಂದಿರುತ್ತಿದ್ದಳು. "ಇದು ಮನಷ್ಯಾರದು. ನಿನ್ನ ಹೊಟ್ಟ್ಯಾಗೂ ಇರ್ತಾವು, ಬಾಯಿ ತಗಿ" ಎನ್ನುವಳು. ಬೆಲ್ಲ ಮಾತ್ರ ನನಗಿರಲಿಲ್ಲ.

ಇಷ್ಟೆಲ್ಲ ಎಚ್ಚರದ ಹಿಂದೆ ಒಂದು ಭಯ ಇತ್ತು. ನಾವು ಸಣ್ಣವರಿದ್ದಾಗ ಓಣಿಯಲ್ಲೊಬ್ಬ ಹುಚ್ಚುನಾಯಿ ಕಚ್ಚಿ ಸತ್ತ. ಬಾಯಾರಿ ನೀರು ಕೇಳುತ್ತಿದ್ದ, ಚೊಂಬು ತಂದರೆ ಚೀರುತ್ತಿದ್ದ. ನಾನು ಓಡಿಹೋಗಿದ್ದೆ. ಅಕ್ಕ ಅವರ ಬಾಗಿಲಲ್ಲಿ ನಿಂತು ನೋಡಿದ್ದಳು. ಮುಂದೆ ಅವಳು ಸಾಕಿದ ಯಾವ ನಾಯಿಗೂ ಆ ಸೂಜಿ ತಪ್ಪಿಸಲಿಲ್ಲ.

ಕೆಂಚನಿಗೆ ಮೊದಲ ಸೂಜಿ ಹಾಕಿಸಬೇಕಾದಾಗ ನಮ್ಮೂರಿನ ದನದ ದವಾಖಾನೆಯಲ್ಲಿ ಔಷಧ ಮುಗಿದಿತ್ತು. ಲಿಂಗಸುಗೂರಿನಿಂದ ತಂದರೆ ಹಾಕುತ್ತೇವೆ ಎಂದರು. ಅಕ್ಕನಿಗೆ ರಜೆ ಇಲ್ಲ. ಸಾಮಾನು ಸಾಗಿಸುವ ಆಟೋ ಓಡಿಸುತ್ತಿದ್ದ ನನ್ನ ಕೈಗೆ ಥರ್ಮಾಸ್ ಕೊಟ್ಟಳು.

"ಕಾದ್ರ ಔಷಧ ಕೆಡತೈತಂತ. ಬರ್ಫ್ ತುಂಬಿಸ್ಕೊಂಡು ಸೀದಾ ಬಾ. ನಡುವ ಬಾಡಿಗಿ ಗೀಡಿಗಿ ಹಿಡಿಬ್ಯಾಡ."

ಔಷಧ ಕೊಂಡೆ, ಬರ್ಫ್ ತುಂಬಿಸಿದೆ. ಅಷ್ಟರಲ್ಲಿ ಪಾಮನಕಲ್ಲೂರಿಗೆ ಒಂದು ಬಾಡಿಗೆ ಸಿಕ್ಕಿತು. ಅಲ್ಲಿ ಮೂಟೆ ಇಳಿಸುವ ಹೊತ್ತಿಗೆ ಬಿಸಿಲಿಗೆ ನಾಲಿಗೆ ಅಂಟಿಕೊಂಡಿತ್ತು. ಅಂಗಡಿಯ ಖಾಜಾ ನಿಂಬೆ ಶರಬತ್ತು ಮಾಡಿ, "ಬರ್ಫ್ ಇಲ್ಲೋ ಭಾಯಿ, ಕಾಸಿದ ನೀರು ಕುಡದಂಗ ಆಗತೈತಿ" ಎಂದ. ನಾನು ಥರ್ಮಾಸ್ ತೆರೆದೆ. ಔಷಧದ ಶೀಸೆಯನ್ನು ತೆಗೆದು ಆಟೋದ ಮುಂದಿನ ಗಾಜಿನ ಕೆಳಗಿಟ್ಟೆ. ಬರ್ಫನ್ನೆಲ್ಲ ಗ್ಲಾಸುಗಳಿಗೆ ಸುರಿದೆ. ಕುಡಿದು, ಹರಟೆ ಹೊಡೆದು ಹೊರಟಾಗ ಶೀಸೆ ಕೈಗೆ ಬಿಸಿ ಹತ್ತಿತು. ಮಸ್ಕಿಯ ಜ್ಯೂಸ್ ಅಂಗಡಿಯಲ್ಲಿ ಹೊಸ ಬರ್ಫ್ ತುಂಬಿಸಿಕೊಂಡು ಮನೆಗೆ ಬಂದೆ.

ಅಕ್ಕ ಮುಚ್ಚಳ ತೆಗೆದು ನೋಡಿ ಹಿಗ್ಗಿದಳು. "ಒಂಚೂರೂ ಕರಗಿಲ್ಲ ನೋಡಬೇ ಬಸಮ್ಮ! ಶಾಣ್ಯಾ ಆಗ್ಯಾನ ನಮ್ಮ ದುರುಗ."

ಅವತ್ತೇ ಸಂಜೆ ಕೆಂಚನಿಗೆ ಆ ಸೂಜಿ ಆಯಿತು. ನಾನೇ ಅದರ ಕಾಲು ಹಿಡಿದುಕೊಂಡಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕೆಂಚ ರೊಟ್ಟಿ ಮುಟ್ಟಲಿಲ್ಲ. ಮಂಚದ ಕೆಳಗೆ ಸೇರಿಕೊಂಡಿತು. ಜೊಲ್ಲು ಸುರಿಯುತ್ತಿತ್ತು, ದನಿ ಬೇರೆಯಾಗಿತ್ತು. "ಗಂಟಲಾಗ ಎಲುಬು ಸಿಕ್ಕೈತಿ" ಎಂದು ಅಕ್ಕ ಅದರ ಬಾಯಿಗೆ ಕೈ ಹಾಕಿದಳು. ಹಲ್ಲು ತರಚಿ ಬೆರಳಿನಿಂದ ರಕ್ತ ಬಂತು.

"ಅಕ್ಕಾ, ಕೈ ತಗಿ!" ನಾನು ಅವಳ ರಟ್ಟೆ ಹಿಡಿದು ಎಳೆದೆ.

"ಯಾಕಲೇ ಹಂಗ ಒದರ್ತಿ? ಸೂಜಿ ಆಗೈತಲ್ಲ."

"ಯಾವುದಕ್ಕೂ ದವಾಖಾನಿಗೆ ಹೋಗಿ ನೀನೂ ಒಂದು ಹಾಕಿಸ್ಕೋ."

"ಹುಚ್ಚ ಅದಿ. ನೀನ ತಂದಿ, ನಾನ ಹಾಕಿಸೀನಿ. ನಿನಗ ನಿನ್ನ ಮ್ಯಾಲೇ ನಂಬಿಗಿ ಇಲ್ಲೇನು?"

ಸೋಪು ಹಚ್ಚಿ ಕೈ ತೊಳೆದು, ಬಟ್ಟೆ ಸುತ್ತಿಕೊಂಡು ಹಾಸ್ಟೆಲಿಗೆ ಹೋದಳು. ಆ ದಿನ ಆಟೋದಲ್ಲಿ ಏನು ಹೇರಿದೆ, ಎಲ್ಲಿ ಇಳಿಸಿದೆ, ನನಗೆ ನೆನಪಿಲ್ಲ. ಎಲುಬೇ ಇರಲಿ, ಎಲುಬೇ ಇರಲಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಓಡಿಸಿದೆ.

ಸಂಜೆ ಕೆಂಚ ನೀರಿನ ಬಟ್ಟಲಿಗೆ ಮೂತಿ ಇಟ್ಟಿತು. ನೀರು ಒಳಗೆ ಹೋಗಲಿಲ್ಲ, ಗಂಟಲು ಸೆಟೆದು ಬಾಯಿಂದ ಹೊರಗೆ ಚೆಲ್ಲಿತು. "ಪಾಪ, ನುಂಗಾಕ ಬರವಲ್ದು" ಎಂದು ಅಕ್ಕ ಬಟ್ಟೆ ಸುತ್ತಿದ ಕೈಯನ್ನೇ ಮತ್ತೆ ಅದರತ್ತ ಚಾಚಿದಳು.

ಆಗ ನಾನು ಬಾಯಿ ಬಿಟ್ಟೆ. "ಮುಟ್ಟಬ್ಯಾಡಕ್ಕ! ಆ ಔಷಧ ಕಾದಿತ್ತು. ಬರ್ಫ್ ನಾ ಶರಬತ್ತಿಗೆ ಹಾಕ್ಕೊಂಡು ಕುಡದೆ. ನೀ ನೋಡಿದ್ದು ಬ್ಯಾರೆ ಬರ್ಫ್."

ಅವಳು ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಗೆ ಬಂದು ಬಾಗಿಲ ಚಿಲಕ ಹಾಕಿದಳು. ನಳದ ಕೆಳಗೆ ಕೈ ಹಿಡಿದು ಸೋಪು ಕರಗುವ ತನಕ ತೊಳೆದಳು. ನಾನು ಆಟೋ ಶುರು ಮಾಡಿದೆ. ನನ್ನ ಪಕ್ಕ ಕೂರದೆ, ಹಿಂದೆ ಸಾಮಾನು ಹೇರುವ ಜಾಗಕ್ಕೆ ಹತ್ತಿ ಕೂತಳು. ದವಾಖಾನೆಯಲ್ಲಿ ಗಾಯದ ಸುತ್ತ ಚುಚ್ಚಿದರು, ತೋಳಿಗೆ ಚುಚ್ಚಿದರು, ಹೇಳಿದ ದಿನ ತಪ್ಪದೆ ಬರಬೇಕು ಎಂದರು. ನಾವು ಬಸಮ್ಮನ ಮನೆಯಲ್ಲಿ ಉಳಿದೆವು. ಕೆಂಚ ಮುಚ್ಚಿದ ಬಾಗಿಲ ಹಿಂದೆ ಸತ್ತಿತು.

ಸೂಜಿಗಳೆಲ್ಲ ಮುಗಿದ ಮೇಲೆ ಡಾಕ್ಟರು ಇನ್ನು ಅಂಜಿಕೆ ಇಲ್ಲ ಎಂದರು. ನನ್ನ ಅಂಜಿಕೆ ಹೋಗಲಿಲ್ಲ. ಅಕ್ಕ ನೀರಿನ ಗ್ಲಾಸು ಎತ್ತಿದಾಗಲೆಲ್ಲ ನನ್ನ ಕೈಯ ತುತ್ತು ನಿಲ್ಲುತ್ತಿತ್ತು, ಕಣ್ಣು ಅವಳ ಗಂಟಲ ಮೇಲೆ. ಒಂದು ದಿನ ಅವಳು ಗ್ಲಾಸು ಕೆಳಗಿಟ್ಟು ಹೇಳಿದಳು: "ನೋಡು, ನುಂಗೀನಿ. ಇನ್ನ ನೀ ಉಣ್ಣು." ಆ ವಿಷಯಕ್ಕೆ ಅವಳು ಆಡಿದ ಮಾತು ಅದೊಂದೇ. ಮತ್ತೆ ನಾಯಿ ಸಾಕಲಿಲ್ಲ. ಆದರೂ ಬೆಳಿಗ್ಗೆ ಎದ್ದವಳು ಹೊಸ್ತಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಎದ್ದು ಹೋಗುತ್ತಿದ್ದಳು.

ಈ ವರ್ಷ ಅವಳನ್ನು ಸಿಂಧನೂರಿನ ಹಾಸ್ಟೆಲಿಗೆ ವರ್ಗ ಮಾಡಿದರು. ಅವಳ ಟ್ರಂಕು, ಹಾಸಿಗೆ ನಾನೇ ಇಳಿಸಿಕೊಟ್ಟೆ. ನಡೆದದ್ದನ್ನು ಅಂದೇ ಹೇಳಿದ್ದೆ ನಿಜ. ಆದರೆ ಅದರ ಹಿಂದೆ ಬರಬೇಕಾದ ಮಾತು ಇಷ್ಟು ದಿನ ಬಂದಿರಲಿಲ್ಲ. ಆಡಿದ ಮೇಲೂ ಅವಳು ಸುಮ್ಮನೇ ಇದ್ದುಬಿಟ್ಟರೆ ಎಂಬ ಹೆದರಿಕೆ.

"ಹೊತ್ತಾಗತೈತಿ, ಹೊಂಡು" ಎಂದು ಅಕ್ಕ ಒಳಗೆ ತಿರುಗಿದಳು. ನಾನು ಅವಳ ಸೆರಗು ಹಿಡಿದೆ. ಸಣ್ಣವನಿದ್ದಾಗ ಹಿಡಿದದ್ದು ಬಿಟ್ಟರೆ ಅಂದೇ.

"ಅಕ್ಕಾ, ನನ್ನಿಂದ ತಪ್ಪಾತು. ಕೆಂಚನ್ನ ಕೊಂದೆ, ನಿನ್ನ ಜೀವಕ್ಕೂ ಕುತ್ತು ತಂದೆ. ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋ."