ಎಲ್‌ಇಡಿಗೆ ಹಳದಿ ಪೇಪರು
ಬೀದಿಯವರೆಲ್ಲ ಕಾರ್ ಮಾವ ಎಂದೇ ಕರೆಯುವ ಅವರಿಗೆ ತಮ್ಮ ವಯಸ್ಸಿನದೇ ಆದ ಆ ಕಾರೆಂದರೆ ಪಂಚಪ್ರಾಣ. ಅದು ನಡುರಸ್ತೆಯಲ್ಲಿ ನಿಂತರೆ ‘ಕೆಟ್ಟಿಲ್ಲ ಕಣ್ರೀ, ಸ್ವಲ್ಪ ಸುಧಾರಿಸ್ಕೊಳ್ತಿದೆ’ ಎನ್ನುತ್ತಾರೆ. ಬಾಗಿಲನ್ನು ದಬಾರನೆ ಹಾಕಿದವರನ್ನು ವಾರವಿಡೀ ಮಾತಾಡಿಸುವುದಿಲ್ಲ. ಹೆಂಡತಿ ಕೆಮ್ಮಿದರೆ ಕೇಳಿಸದ ಕಿವಿಗೆ ಇಂಜಿನ್ನು ಕೆಮ್ಮಿದರೆ ಥಟ್ಟನೆ ಕೇಳಿಸುತ್ತದೆ. ಹಳೆಯ ಹಳದಿ ದೀಪಗಳು ಮಂಕಾಗಿ ಕಾರು ಚರಂಡಿಗಿಳಿದ ಮೇಲೆ, ಹೆಂಡತಿಯ ಕಾಟ ತಾಳಲಾರದೆ, ಎಲ್‌ಇಡಿ ಹಾಕಿಸಲು ಒಪ್ಪಿದರು. ಹಾಕುವಷ್ಟು ಹೊತ್ತೂ ‘ನಿಧಾನಪ್ಪಾ, ಕಣ್ಣಿನ ವಿಷಯ’ ಎಂದು ಎಲೆಕ್ಟ್ರಿಷಿಯನ್ನನ್ನು ಗೋಳು ಹೊಯ್ದುಕೊಂಡರು. ಆ ಸಂಜೆ ಇಡೀ ಬೀದಿ ಬೆಳ್ಳಗೆ ಹಗಲಾಯಿತು. ಮರುದಿನ ನೋಡಿದರೆ ದೀಪದ ಗಾಜಿಗೆ ಹಳದಿ ಜಿಲೆಟಿನ್ ಪೇಪರು! ‘ಈ ಭಾಗ್ಯಕ್ಕೆ ನನ್ನ ಪ್ರಾಣ ತಿಂದ್ರಾ?’ ಎಂದು ಎಲೆಕ್ಟ್ರಿಷಿಯನ್ ಹಣೆ ಚಚ್ಚಿಕೊಂಡ. ‘ಹಳೇ ಮುಖಕ್ಕೆ ಬಿಳಿ ಕಣ್ಣು ಒಪ್ಪಲ್ಲಪ್ಪ’ ಎಂದರು ಗತ್ತಿನಿಂದ. ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಮನೆಯಲ್ಲಿ ಮಾವನ ಅಕ್ಕ ಇದ್ದಾರೆ. ಮರೆವು ಹೆಚ್ಚಾಗಿ ಈಗ ಯಾರ ಮುಖವೂ ನೆನಪಿಲ್ಲ. ಬಿಳಿ ಬೆಳಕು ಗೇಟಿಗೆ ಬಂದ ಸಂಜೆ ಯಾರೋ ಬಂದರೆಂದು ಹೆದರಿ ಕೋಣೆಗೆ ಓಡಿದ್ದರು. ಈಗ ತಿರುವಿನಲ್ಲಿ ಹಳದಿ ಬೆಳಕು ಕಂಡರೆ ಸಾಕು, ಕಿಟಕಿಯ ಬಳಿಯಿಂದ ಎದ್ದು ಬಾಗಿಲಿಗೆ ಬರುತ್ತಾರೆ: ‘ನನ್ ತಮ್ಮ ಬಂದ.’